ಹೊಳೆಯಾಚೆಯ ಮಕ್ಕಳ ಬರವಣಿಗೆ



ಸಾಗರ, ಹೊಸನಗರ, ತೀರ್ಥಹಳ್ಳಿ ಎಂದೊಡನೆ ಪಟ್ಟಣವಾಸಿಗಳಾದ ತಮ್ಮ ಕಣ್ಣೆದುರಿಗೆ ಜೋಗದ ಜಲಪಾತವೋ ಆಗುಂಬೆಯ ಸೂರ್ಯಾಸ್ತವೋ ಬಂದು ನಿಲ್ಲುವುದು ಸಹಜ. ಹಳೆಯ ಮೈಸೂರು ಸಂಸ್ಥಾನದ ವಾಯವ್ಯದ ಆ ಸೀಮೆಯಲ್ಲಿ ಬಹುಕಾಲ ಉಪಾಧ್ಯಾಯನಾಗಿದ್ದ ನಾನು, ‘ನಮ್ಮ ಊರು’ ಎಂಬ ವಿಷಯವನ್ನು ಕೊಟ್ಟು ವರ್ಷವರ್ಷವೂ ವಿದ್ಯಾರ್ಥಿಗಳಿಂದ ಪ್ರಬಂಧ ಬರೆಯಿಸುತ್ತಿದ್ದೆ. ಅವುಗಳಲ್ಲಿ ಒಂದರಲ್ಲಿಯಾದರೂ ಸೂರ್ಯಾಸ್ತದ ಮಾತು ಬಂದುದು ನನಗೆ ನೆನಪಿಲ್ಲ.

ಪೇಟೆಯ ಹುಡುಗನು ದೇವಸ್ಥಾನದಿಂದಲೋ ಅಂಗಡಿಬೀದಿಯಿಂದಲೋ ತನ್ನ ಊರನ್ನು ವರ್ಣಿಸತೊಡಗುವನು. ತೀರ್ಥಹಳ್ಳಿಯ ಕಾಡಿನೊಳಗಣ ಒಂಟಿಮನೆಯ ಹುಡುಗನಾದರೋ ದಾರಿಯಿಂದ ಆರಂಭಿಸುವನು. ಮನೆಯ ಕೆಳಗೆ ತೋಟ, ಆಮೇಲೆ ಗದ್ದೆಯ ಅಂಚು, ಅಲ್ಲಿಂದ ಹಳ್ಳ. ಹಳ್ಳಕ್ಕೆ ಅಡಿಕೆಮರಗಳನ್ನು ಜೋಡಿಸಿ ಹಾಕಿದ ಕಾಲುಸಂಕ. ಅದರ ಮೇಲೆ ಪಾಚಿ, ಹಿಡಿದುಕೊಳ್ಳಲು ಒಂದು ಬಿದಿರು. ಉಂಬಳ ಹತ್ತದಂತೆ ಕಾಲಿಗೆ ಸುಣ್ಣ, ಹೊಗೆಸೊಪ್ಪು ತಿಕ್ಕಿಕೊಳ್ಳುವ ಕ್ರಮ, ಕಂಬಳಿಕೊಪ್ಪೆಯೊಳಗೆ ಪುಸ್ತಕ ನೆನೆಯದಂತೆ ಕಾಯುವ ಉಪಾಯ. ಪುಟ ಮುಗಿಯುವಾಗ ಹುಡುಗನು ಶಾಲೆಯ ಬಾಗಿಲಿಗೆ ಬಂದಿರುತ್ತಾನೆ. ಪ್ರಬಂಧವೂ ಅಲ್ಲಿಗೆ ಮುಗಿಯಿತು! ‘ವಿಷಯಾಂತರ’ ಎಂದು ಕೆಂಪು ಮಸಿಯಲ್ಲಿ ಬರೆದು ನಾನು ಅಂಕಗಳನ್ನು ಕಳೆದುದುಂಟು.

ಒಂದು ಆಷಾಢದಲ್ಲಿ ಅಂಥ ಹುಡುಗನೊಬ್ಬನು ನಾಲ್ಕು ದಿನ ತರಗತಿಗೆ ಬರಲಿಲ್ಲ. ಕಾರಣವನ್ನು ಕೇಳದೆಯೇ ನಾನು ಅವನನ್ನು ಹೊರಗೆ ನಿಲ್ಲಿಸಿದೆ. ಮುಂದಿನ ಪ್ರಬಂಧದಲ್ಲಿ, ಸಂಕ ತೇಲಿಹೋದುದನ್ನೂ ನೀರು ಇಳಿದಮೇಲೆ ತಂದೆಯೂ ನೆರೆಯವರೂ ಸೇರಿ ಹೊಸದನ್ನು ಹಾಕಿದುದನ್ನೂ ಒಂದೇ ವಾಕ್ಯದಲ್ಲಿ ಬರೆದಿದ್ದನು. ಹೊರಗೆ ನಿಂತ ಮಾತನ್ನು ಬರೆದಿರಲಿಲ್ಲ.

ಸಾಗರದ ಕಡೆಯ ಮಕ್ಕಳ ಕಥೆ ಬೇರೆ. ಲಿಂಗನಮಕ್ಕಿಯಲ್ಲಿ ಶರಾವತಿಗೆ 1964ರಲ್ಲಿ ಅಣೆಕಟ್ಟು ಪೂರ್ಣಗೊಂಡಿತು. ಹಿನ್ನೀರಿನಲ್ಲಿ ಸಾಗರ, ಹೊಸನಗರ ತಾಲ್ಲೂಕುಗಳ ಎಷ್ಟೋ ಗ್ರಾಮಗಳು ಮುಳುಗಿದುವು. ತುಮರಿಯ ಸುತ್ತಣ ಸೀಮೆ ತನ್ನ ತಾಲ್ಲೂಕು ಪಟ್ಟಣದಿಂದ ನೀರಿನಾಚೆಗೆ ಉಳಿಯಿತು. ಆ ನೀರಿನ ವಿದ್ಯುತ್ತು ದೂರದ ಪಟ್ಟಣಗಳನ್ನು ಬೆಳಗುತ್ತಿದ್ದಾಗ, ಹಿನ್ನೀರಿನ ದಡದ ಎಷ್ಟೋ ಮನೆಗಳಲ್ಲಿ ಓದು ಸೀಮೆಎಣ್ಣೆಯ ಬುಡ್ಡಿಯ ಬೆಳಕಿನಲ್ಲಿಯೇ ನಡೆಯಿತು. ಅಲ್ಲಿಯ ಮಕ್ಕಳಿಗೆ ಲಾಂಚೇ ಗಡಿಯಾರ. ಸಂಜೆಯ ಕೊನೆಯ ಲಾಂಚು ತಪ್ಪಿದರೆ ಹೊಸನಗರದ ಕಡೆಯಿಂದ ಸುತ್ತುಬಳಸಿ ಬರಬೇಕು, ಇಲ್ಲವೇ ಬೆಳಗಿನತನಕ ಕಾಯಬೇಕು. ಹೆರಿಗೆಯ ನೋವು ಹಾಗೆ ಕಾಯುವುದಿಲ್ಲವೆಂದು ಹುಡುಗಿಯೊಬ್ಬಳು ಬರೆದಿದ್ದಳು. ಆ ವಾಕ್ಯದ ಕೆಳಗೆ ನನ್ನ ಕೆಂಪು ಮಸಿ ಏನನ್ನೂ ಬರೆಯಲಾರದೆ ಹೋಯಿತು.

2025ರ ಜುಲೈ 14ರಂದು ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವೆ ಸುಮಾರು ಎರಡೂವರೆ ಕಿಲೋಮೀಟರು ಉದ್ದದ ಸೇತುವೆ ಸಂಚಾರಕ್ಕೆ ತೆರೆಯಿತು. ಇನ್ನು ಅಲ್ಲಿಯ ಮಕ್ಕಳು ಪ್ರಬಂಧವನ್ನು ಎಲ್ಲಿಂದ ಆರಂಭಿಸುವರೋ ನೋಡಬೇಕು. ಕಾಡಿನ ಹಳ್ಳಗಳ ಮೇಲಿನ ಸಂಕಗಳನ್ನು ಮಾತ್ರ ಹಲವೆಡೆ ಊರವರೇ ಮಳೆಗೆ ಮುಂಚೆ ಅಡಿಕೆಮರ ಕಡಿದು ತಂದು ಹಾಕಿಕೊಳ್ಳುತ್ತಿದ್ದಾರೆ.