ಹಾಜರಿ ಪುಸ್ತಕದಲ್ಲಿ ಕಾಣದ ಬೇನೆ

(ಸಂಘದ ಉಚಿತ ವಾಚನಾಲಯದಲ್ಲಿ ಭಾನುವಾರ ಸಂಜೆ ಮಾಡಿದ ಭಾಷಣ)



ಮನಸ್ಸಿನ ಕಾಯಿಲೆಯ ವಿಷಯವಾಗಿ ಮಾತನಾಡಲು ಮೆಟ್ರಿಕ್‌ವರೆಗೆ ಓದಿದ ಗಿರಣಿಯ ಗುಮಾಸ್ತನೊಬ್ಬ ಎದ್ದು ನಿಂತಿರುವುದನ್ನು ಕಂಡು ತಮ್ಮಲ್ಲಿ ಕೆಲವರಿಗೆ ನಗು ಬರಬಹುದು. ಡಾಕ್ಟರರೊಬ್ಬರನ್ನು ಕರೆಸಬೇಕೆಂದೇ ನಮ್ಮ ಕಾರ್ಯದರ್ಶಿಗಳು ಯತ್ನಿಸಿದರು, ಅವರಿಗೆ ಬಿಡುವಾಗಲಿಲ್ಲ. ಆದ್ದರಿಂದ ಕಣ್ಣಾರೆ ಕಂಡಷ್ಟನ್ನು, ಓದಿ ತಿಳಿದುಕೊಂಡಷ್ಟನ್ನು ತಮ್ಮೆದುರು ಅರಿಕೆ ಮಾಡಿಕೊಳ್ಳುತ್ತೇನೆ.

ಮೊದಲು ಕಂಡದ್ದು. ಮಿಲ್ಲಿನಲ್ಲಿ ಹಾಜರಿ ಬರೆಯುವುದು ನನ್ನ ಕೆಲಸ. ಈಗ ಬೆರಳೊತ್ತುವ ಯಂತ್ರ ಬಂದಿದೆ. ಆದರೂ ಪುಸ್ತಕ ನಮ್ಮನ್ನು ಬಿಟ್ಟಿಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಊರ ಕಡೆಯ ಹುಡುಗನೊಬ್ಬ ರಿಂಗ್ ಫ್ರೇಮ್ ಖಾತೆಯಲ್ಲಿದ್ದ. ಇರುವುದೂ ನಮ್ಮ ಖೋಲಿಯಲ್ಲೇ. ಹಾಡು, ಹರಟೆ ಎಂದರೆ ಎಲ್ಲರಿಗಿಂತ ಮುಂದು. ಒಂದು ದೀಪಾವಳಿಯ ನಂತರ ಅವನ ಮಾತು ಕಡಿಮೆಯಾಯಿತು. ಖಾನಾವಳಿಯಲ್ಲಿ ಅರ್ಧ ರೊಟ್ಟಿ ಬಿಟ್ಟು ಏಳುತ್ತಿದ್ದ. ರಾತ್ರಿ ಮೂರು ಗಂಟೆಗೆ ಎಚ್ಚರವಾಗಿ ನೋಡಿದರೆ ಗೋಡೆಗೆ ಒರಗಿ ಕುಳಿತಿರುತ್ತಿದ್ದ. “ಯಾಕೋ ತಮ್ಮಾ, ನಿದ್ದಿ ಬರಲಿಲ್ಲೇನು?” ಎಂದು ಕೇಳಿದರೆ, “ಏನಿಲ್ಲ ಅಣ್ಣಾ, ಸೆಕಿ” ಎಂದ. ಅದು ಮಾಗಿಯ ಚಳಿ. ಆ ಉತ್ತರ ಕೇಳಿಯೂ ನಾನು ಮಗ್ಗುಲು ಬದಲಿಸಿ ಮಲಗಿದೆ.

ಆಮೇಲೆ ಪಾಳಿ ತಪ್ಪತೊಡಗಿತು. ಮೊದಲು ಎರಡು ದಿನ, ಆಮೇಲೆ ನಾಲ್ಕು, ಆಮೇಲೆ ಒಂಬತ್ತು. ಒಂದೊಂದಕ್ಕೂ ಕೆಂಪು ಮಸಿಯಲ್ಲಿ ಗೈರುಹಾಜರಿ ಬರೆದವನು ನಾನೇ. “ಹುಡುಗ ಸೋಮಾರಿ ಆಗ್ಯಾನ” ಎಂದು ಜಾಬರ ಅಂದ, ನಾನು ಅಲ್ಲವೆನ್ನಲಿಲ್ಲ. ಕೆಲಸ ಹೋಯಿತು, ಹುಡುಗ ಊರಿಗೆ ಹೋದ. ಅಲ್ಲಿ ಅವನ ಅಕ್ಕ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ದ ಮೇಲೆ ತಿಳಿಯಿತು, ಅದು ಖಿನ್ನತೆ ಎಂಬ ಕಾಯಿಲೆ ಎಂದು.

ಬೇಸರ ಯಾರಿಗಿಲ್ಲ? ಊರು ಬಿಟ್ಟು ಬಂದ ನಮಗಂತೂ ಅದು ನಿತ್ಯದ ನೆಂಟ. ಆದರೆ ಬೇಸರ ಬಂದು ಹೋಗುತ್ತದೆ. ಖಿನ್ನತೆ ಬಂದು ಕೂರುತ್ತದೆ. ಡಾಕ್ಟರರು ಬಳಸುವ ಒಂಬತ್ತು ಪ್ರಶ್ನೆಗಳ ಹಾಳೆಯೊಂದಿದೆ. ಕಳೆದ ಎರಡು ವಾರಗಳಲ್ಲಿ ಯಾವುದರಲ್ಲೂ ಆಸಕ್ತಿ ಇಲ್ಲದಂತಾಯಿತೇ, ಮನಸ್ಸು ಕುಗ್ಗಿತೇ, ನಿದ್ರೆ ಕೆಟ್ಟಿತೇ, ಊಟ ಸೇರುತ್ತಿಲ್ಲವೇ, ದಣಿವೇ, ತನ್ನ ಮೇಲೆಯೇ ತಿರಸ್ಕಾರವೇ — ಹೀಗೆ ಸಾಗಿ, ಒಂಬತ್ತನೆಯದು ಸಾವಿನ ಯೋಚನೆ ಬರುತ್ತಿದೆಯೇ ಎಂದು ಕೇಳುತ್ತದೆ. ಒಂದೊಂದಕ್ಕೆ ಸೊನ್ನೆಯಿಂದ ಮೂರು ಅಂಕ, ಒಟ್ಟು 27. ಹತ್ತು ಅಥವಾ ಅದಕ್ಕಿಂತ ಹೆಚ್ಚು ಬಂದರೆ ವೈದ್ಯರು ಪರೀಕ್ಷಿಸಿ ನೋಡಬೇಕು. ಆ ಒಂಬತ್ತರಲ್ಲಿ ಅರ್ಧಕ್ಕಿಂತ ಹೆಚ್ಚಿಗೆ ಉತ್ತರ ನನ್ನ ಖೋಲಿಯಲ್ಲೇ, ಕೈಗೆಟುಕುವ ದೂರದಲ್ಲಿತ್ತು.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015–16ರಲ್ಲಿ 12 ರಾಜ್ಯಗಳಲ್ಲಿ ಸಮೀಕ್ಷೆ ನಡೆಸಿತು. ವಯಸ್ಕರಲ್ಲಿ ಸುಮಾರು ಇಪ್ಪತ್ತಕ್ಕೊಬ್ಬರಿಗೆ ಬಾಳಿನಲ್ಲಿ ಒಮ್ಮೆಯಾದರೂ ಖಿನ್ನತೆ ಬಂದಿರುತ್ತದೆ ಎಂದು ಕಂಡುಬಂತು. ಇದಕ್ಕಿಂತ ನನ್ನನ್ನು ಕಾಡಿದ ಅಂಕಿ ಬೇರೆ: ಹಾಗೆ ಬಳಲುವವರಲ್ಲಿ ನೂರಕ್ಕೆ ಸುಮಾರು 85 ಜನ ಚಿಕಿತ್ಸೆ ಇಲ್ಲದೆಯೇ ಇದ್ದರು. ಮದ್ದಿಲ್ಲದ ರೋಗವೆಂದೇನೂ ಅಲ್ಲ. ಮನೋವೈದ್ಯರು ಕಡಿಮೆ; ಇರುವವರೂ ದೊಡ್ಡ ಶಹರಗಳಲ್ಲಿ; ಇನ್ನು ಹುಚ್ಚಾಸ್ಪತ್ರೆಗೆ ಹೋದನೆಂಬ ಹೆಸರಿನ ಭಯ ಬೇರೆ.

ಹೀಗಿರಲು ಏನು ಮಾಡಬೇಕು? ಈ ಪ್ರಶ್ನೆಗೆ ನಮ್ಮ ನೆರೆಯ ಗೋವೆಯಲ್ಲೇ ಒಂದು ಉತ್ತರ ಹುಡುಕಿದ್ದಾರೆ. ಅಲ್ಲಿ ‘ಸಂಗತ್’ ಎಂಬ ಸಂಸ್ಥೆ 1996ರಿಂದ ಇದೆ. ಡಾ. ವಿಕ್ರಮ್ ಪಟೇಲ್ ಮತ್ತು ಅವರ ಸಂಗಡಿಗರು ಹತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತೀವ್ರ ಖಿನ್ನತೆಯಿದ್ದ 495 ಜನರನ್ನು ಆರಿಸಿಕೊಂಡರು. ಎಲ್ಲರಿಗೂ ಕೇಂದ್ರದ ಡಾಕ್ಟರರ ಚಿಕಿತ್ಸೆ ಇತ್ತು. ಅರ್ಧ ಜನಕ್ಕೆ ಮಾತ್ರ ಅದರ ಜತೆಗೆ ಸಲಹೆಗಾರರೊಡನೆ ಆರರಿಂದ ಎಂಟು ಸಲ ಮಾತುಕತೆ, ಒಂದು ಸಲಕ್ಕೆ ಅರ್ಧ ತಾಸು ಅಥವಾ ತುಸು ಹೆಚ್ಚು. ಈ ಸಲಹೆಗಾರರು ಯಾರು? ಮನೋವಿಜ್ಞಾನ ಓದಿದವರಲ್ಲ; ನನ್ನ ನಿಮ್ಮಂಥವರು, ಈ ಕೆಲಸಕ್ಕೆಂದೇ ತರಬೇತಿ ಪಡೆದವರು. ಫಲಿತಾಂಶ 2017ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾಯಿತು. ಮೂರು ತಿಂಗಳಲ್ಲಿ ಖಿನ್ನತೆ ಇಳಿದವರು ಡಾಕ್ಟರರ ಚಿಕಿತ್ಸೆ ಮಾತ್ರ ಪಡೆದವರಲ್ಲಿ ನೂರಕ್ಕೆ 39. ಮಾತುಕತೆಯೂ ದೊರೆತವರಲ್ಲಿ 64.

ಅವರು ಆಡಿದ ಮಾತಿನಲ್ಲಿ ಮಂತ್ರವೇನೂ ಇರಲಿಲ್ಲ. ಮನಸ್ಸು ಕುಗ್ಗಿದವನು ಒಂದೊಂದೇ ಕೆಲಸ ಬಿಡುತ್ತಾನೆ. ಭಜನೆಗೆ ಹೋಗುವುದು ಬಿಟ್ಟ, ಕ್ಷೌರ ಬಿಟ್ಟ, ಊರಿಗೆ ಫೋನು ಮಾಡುವುದು ಬಿಟ್ಟ. ಬಿಟ್ಟಷ್ಟೂ ಸಂತೋಷದ ದಾರಿಗಳು ಮುಚ್ಚುತ್ತವೆ. ಮುಚ್ಚಿದಷ್ಟೂ ಮನಸ್ಸು ಇನ್ನೂ ಕುಗ್ಗುತ್ತದೆ. ಸಲಹೆಗಾರ ರೋಗಿಯೊಡನೆ ಕೂತು ಈ ಸುತ್ತನ್ನು ಹಿಂದಕ್ಕೆ ಬಿಚ್ಚುತ್ತಾನೆ. ಮನಸ್ಸು ಸರಿಹೋದ ಮೇಲೆ ಕೆಲಸ ಎನ್ನದೆ, ನಾಳೆ ಬೆಳಗ್ಗೆ ಹತ್ತು ನಿಮಿಷ ನಡೆ, ನಾಡಿದ್ದು ಅಕ್ಕನಿಗೆ ಫೋನು ಮಾಡು ಎಂದು ಚಿಕ್ಕಚಿಕ್ಕದನ್ನು ಗೊತ್ತುಮಾಡಿ, ಮುಂದಿನ ವಾರ ಬಂದು ವಿಚಾರಿಸುತ್ತಾನೆ. “ಧೈರ್ಯ ತಗೋ, ಎಲ್ಲಾ ಸರಿಹೋಗ್ತದ” ಎಂದು ಬೆನ್ನು ತಟ್ಟಿ ಹೋಗುವ ನಮ್ಮ ಪದ್ಧತಿಗೂ ಇದಕ್ಕೂ ಬಹಳ ಅಂತರವಿದೆ.

ಇನ್ನು ಮೊಬೈಲಿನ ಮಾತು. ಈ ತಂಡದವರೇ ಮುಂದೆ ಮಧ್ಯಪ್ರದೇಶದ ಸೀಹೋರ್ ಜಿಲ್ಲೆಯಲ್ಲಿ, ಅದೇ ಸಲಹೆಯ ಪಾಠಗಳನ್ನು ಮೊಬೈಲಿಗೆ ಅಳವಡಿಸಿ ಆಶಾ ಕಾರ್ಯಕರ್ತೆಯರಿಗೆ ಕಲಿಸುವ ಪ್ರಯೋಗ ನಡೆಸಿದರು. ರೋಗಿಯೇ ನೇರವಾಗಿ ಇಂಟರ್‌ನೆಟ್ಟಿನಲ್ಲಿ ಪಾಠ ಓದಿಕೊಂಡು ಗುಣವಾಗಬಹುದೇ ಎಂಬುದನ್ನೂ ಲೋಕದಲ್ಲಿ ಅನೇಕರು ಪರೀಕ್ಷಿಸಿದ್ದಾರೆ. ಅಂಥ 39 ಪ್ರಯೋಗಗಳ, 9,751 ಜನರ ವಿವರಗಳನ್ನು ಒಟ್ಟುಗೂಡಿಸಿ 2021ರಲ್ಲಿ ಪ್ರಕಟಿಸಿದರು. ಖಿನ್ನತೆ ಸ್ವಲ್ಪವಿದ್ದವರಿಗೆ ಬರೀ ಪಾಠವೂ ಹೆಚ್ಚುಕಡಿಮೆ ಅಷ್ಟೇ ಉಪಯೋಗಕ್ಕೆ ಬಂದಿತ್ತು. ಆದರೆ ಬೇನೆ ಹೆಚ್ಚಿದ್ದವರಲ್ಲಿ, ನಡುನಡುವೆ ವಿಚಾರಿಸುವ ಒಬ್ಬ ಮನುಷ್ಯನಿದ್ದಾಗ ಗುಣ ಹೆಚ್ಚು ಕಂಡಿತು. ಆದುದರಿಂದ ಹಣ ಕೇಳುವ, ನಾವು ಬರೆದುದೆಲ್ಲವನ್ನೂ ಎಲ್ಲಿಯೋ ಕೂಡಿಡುವ ಆ್ಯಪುಗಳನ್ನೇ ವೈದ್ಯನೆಂದು ನಂಬಿ ಕೂರಬೇಡಿ ಎಂಬುದು ನನ್ನ ಅಭಿಪ್ರಾಯ.

ಫೋನಿನ ಆ ಕಡೆ ಮನುಷ್ಯನೇ ಇರುವ ಏರ್ಪಾಡು ಒಂದಿದೆ. ಕೇಂದ್ರ ಸರಕಾರ 2022ರ ಅಕ್ಟೋಬರ್ 10ರಂದು ‘ಟೆಲಿ ಮಾನಸ್’ ಆರಂಭಿಸಿತು. ಸಂಖ್ಯೆ 14416. ಹಗಲು ರಾತ್ರಿ ನಡೆಯುತ್ತದೆ, ಕಾಸು ಕೊಡಬೇಕಿಲ್ಲ. ರಾತ್ರಿ ಪಾಳಿ ಮುಗಿಸಿ ಬಂದವರೂ ಮಾಡಬಹುದು. ಭಾಷೆ ಆರಿಸಿಕೊಳ್ಳಬಹುದು, ಅವುಗಳಲ್ಲಿ ಕನ್ನಡವೂ ಇದೆ. ಇದರ ಮೇಲ್ವಿಚಾರಣೆ ನಿಮ್ಹಾನ್ಸಿನದೇ. ಮೊದಲು ಸಲಹೆಗಾರರು ಮಾತನಾಡುತ್ತಾರೆ. ಅಗತ್ಯ ಬಿದ್ದರೆ ವೈದ್ಯರಿಗೆ ದಾಟಿಸುತ್ತಾರೆ. ಸಾವಿನ ಯೋಚನೆ ಬಂದವರು ಪೊಲೀಸರಿಗೆ ಹೆದರಿ ಬಾಯಿ ಬಿಡುವುದಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಪ್ರಾಣ ಕಳೆದುಕೊಳ್ಳಲು ಯತ್ನಿಸಿದವನು ತೀವ್ರ ಒತ್ತಡದಲ್ಲಿದ್ದನೆಂದೇ ಭಾವಿಸಿ ಅವನ ಆರೈಕೆ ನೋಡಬೇಕು. ಇನ್ನು ಗುಳಿಗೆ ಕೊಟ್ಟರೆ, ಅದು ಹಿಡಿಯಲು ಕೆಲವು ವಾರ ಬೇಕು. ನಾಲ್ಕು ದಿನ ನುಂಗಿ ಫಲವಿಲ್ಲವೆಂದು ಎಸೆಯಬಾರದು. ಗುಣವಾಯಿತೆಂದು ಡಾಕ್ಟರರನ್ನು ಕೇಳದೆ ನಿಲ್ಲಿಸಲೂ ಬಾರದು.

ಕೊನೆಗೆ ಒಂದು ತೊಡಕು. 1966ರಲ್ಲಿ ಅಮೆರಿಕದ ವೈಜೆನ್‌ಬಾಮ್ ಎಂಬ ವಿದ್ವಾಂಸರು, ಮನೋವೈದ್ಯನಂತೆ ಪ್ರಶ್ನೆ ಕೇಳುವ ಒಂದು ಕಂಪ್ಯೂಟರ್ ಕಾರ್ಯಕ್ರಮ ಬರೆದರು. ಅದು ಬರೀ ಯಂತ್ರವೆಂದು ಅವರ ಕಚೇರಿಯ ಕಾರ್ಯದರ್ಶಿನಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಅದರೊಡನೆ ಒಂದೆರಡು ಮಾತಾದ ಮೇಲೆ ಆಕೆ, ತಾವು ಸ್ವಲ್ಪ ಹೊರಗೆ ಹೋಗಿರಿ ಎಂದು ಅವರಿಗೇ ಹೇಳಿದರಂತೆ! ಯಂತ್ರದೆದುರೇ ಮನುಷ್ಯನಿಗೆ ಏಕಾಂತ ಬೇಕು. ಎಂಟು ಜನ ಮಲಗುವ ಖೋಲಿಯಲ್ಲಿ ನಮ್ಮವನೊಬ್ಬ ಫೋನು ಹಿಡಿದು “ನನಗ ಬದುಕು ಸಾಕಾಗೇದ” ಎಂದು ಹೇಗೆ ಹೇಳಬೇಕು? ನಮ್ಮ ಹುಡುಗನನ್ನು ಮೊನ್ನೆ ಜಾತ್ರೆಯಲ್ಲಿ ಕಂಡಾಗ ಇದನ್ನೇ ಕೇಳಿದೆ. ಈಗ ಗುಣವಾಗಿದ್ದಾನೆ, ಊರಲ್ಲೇ ಕಿರಾಣಿ ಅಂಗಡಿ ನೋಡಿಕೊಳ್ಳುತ್ತಾನೆ. “ಹೇಳಬೇಕು ಅನಿಸ್ತಿತ್ತು ಅಣ್ಣಾ, ಆದರ ಎಲ್ಲಿ ನಿಂತು ಹೇಳಲಿ?” ಎಂದ.

ಅದಕ್ಕೆ ಕಾರ್ಯದರ್ಶಿಗಳ ಅನುಮತಿ ಪಡೆದು ಒಂದು ಏರ್ಪಾಡು ಮಾಡಿದ್ದೇವೆ. 14416 ಎಂಬ ಸಂಖ್ಯೆಯನ್ನು ದಿನಪತ್ರಿಕೆಗಳ ಮೇಜಿನ ಮೇಲುಗಡೆ ಗೋಡೆಗೆ ಬರೆದು ಅಂಟಿಸಿದೆ. ಹಿಂದುಗಡೆ ಹಳೆಯ ಮಾಸಪತ್ರಿಕೆಗಳ ಕೋಣೆಯಿದೆ. ಒಳಗಿನಿಂದ ಅಗಳಿ ಹಾಕಿಕೊಳ್ಳಬಹುದು, ಒಂದು ಕುರ್ಚಿಯೂ ಇದೆ. ದಿನಾಲೂ ಸಂಜೆ ಏಳರಿಂದ ಒಂಬತ್ತರವರೆಗೆ ಕೀಲಿ ನನ್ನ ಬಳಿ ಇರುತ್ತದೆ. ಹಳೆಯ ಸಂಚಿಕೆ ನೋಡಬೇಕು ಎಂದರೆ ಸಾಕು. ಯಾವ ಸಂಚಿಕೆ ಎಂದು ನಾನು ಕೇಳುವುದಿಲ್ಲ, ಯಾವ ಪುಸ್ತಕದಲ್ಲೂ ಬರೆದುಕೊಳ್ಳುವುದಿಲ್ಲ.