ಇಂಗ್ಲಿಷ್ ಪದ್ಯ ಮತ್ತು ಪ್ರಬಂಧಗಳ ಅಭ್ಯಾಸ: ವಿದ್ಯಾರ್ಥಿಗಳೊಂದಿಗೆ ಕೆಲವು ಮಾತುಗಳು

(ಸಂಸ್ಥೆಯ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)





ಶಾಲೆಯಲ್ಲಿ ಉರ್ದು ಮತ್ತು ಕನ್ನಡ ಕಲಿಸುವ ನಾನು ಇಂಗ್ಲಿಷ್ ಸಾಹಿತ್ಯದ ಬಗ್ಗೆ ಮಾತನಾಡಲು ನಿಂತಿರುವುದನ್ನು ನೋಡಿ ನಿಮ್ಮಲ್ಲಿ ಕೆಲವರಿಗೆ ಆಶ್ಚರ್ಯವಾಗಬಹುದು. ಇದಕ್ಕೆ ನನಗಿರುವ ಅರ್ಹತೆ ಒಂದೇ. ಬಿ.ಎ. ಮೊದಲ ವರ್ಷದಲ್ಲಿ ಇಂಗ್ಲಿಷ್ ಪತ್ರಿಕೆಯಲ್ಲಿ ಫೇಲಾದವಳು ನಾನು. ಮತ್ತೆ ಕುಳಿತು ಪಾಸಾದೆ. ಫೇಲಾದಾಗ ಏನು ಮಾಡಿದ್ದೆ, ಪಾಸಾಗಲು ಏನು ಮಾಡಿದೆ ಎಂಬುದನ್ನು ನಿಮಗೆ ಹೇಳಬೇಕೆಂದು ಬಂದಿದ್ದೇನೆ.

ಹತ್ತನೇ ತರಗತಿಯವರೆಗೆ ನಾನು ಓದಿದ್ದು ಉರ್ದು ಮಾಧ್ಯಮದಲ್ಲಿ. ನನಗಿಂತ ನಾಲ್ಕು ವರ್ಷ ದೊಡ್ಡವಳಾದ ನನ್ನ ಆಪಾ ಕೂಡ ಅಲ್ಲೇ ಓದಿದವಳು. ಆಕೆ ಪಿ.ಯು.ಸಿ.ಯಲ್ಲಿ ಉಳಿದೆಲ್ಲ ವಿಷಯಗಳಲ್ಲಿ ಪಾಸಾಗಿ ಇಂಗ್ಲಿಷಿನಲ್ಲಿ ಮಾತ್ರ ಫೇಲಾದಳು. ಅಲ್ಲಿಗೆ ಆಕೆಯ ಓದು ನಿಂತಿತು. ಮನೆಗೆ ಹೊಲಿಗೆ ಯಂತ್ರ ಬಂತು. ಆದ್ದರಿಂದ ನನ್ನ ಫಲಿತಾಂಶ ಬಂದ ದಿನ ಮನೆಯಲ್ಲಿ ಯಾರೂ ಗದರಲಿಲ್ಲ, ಯಾರೂ ಮಾತನಾಡಲೂ ಇಲ್ಲ. ಇನ್ನೊಂದು ಹೊಲಿಗೆ ಯಂತ್ರ ಬರುತ್ತದೆಯೇ ಎಂದು ನಾನು ಹೆದರಿ ಕುಳಿತಿದ್ದೆ.

ನಾನು ಓದದೆ ಫೇಲಾದವಳಲ್ಲ, ಬಹಳ ಓದಿ ಫೇಲಾದವಳು. ನಮ್ಮ ಪಠ್ಯದಲ್ಲಿ ಷೆಲ್ಲಿಯ ‘ಓಜಿಮಾಂಡಿಯಾಸ್’ ಎಂಬ ಪದ್ಯವಿತ್ತು. ಗೈಡಿನಲ್ಲಿದ್ದ ಅದರ ಸಾರಾಂಶ ಒಂದೂವರೆ ಪುಟ. ಅದನ್ನು ಅಲ್ಪವಿರಾಮ ಸಹಿತ ಬಾಯಿಪಾಠ ಮಾಡಿದ್ದೆ. ಪ್ರಶ್ನೆಪತ್ರಿಕೆಯಲ್ಲಿ ಕೇಳಿದ್ದು ಸಾರಾಂಶವನ್ನಲ್ಲ. ಆ ಪದ್ಯದಲ್ಲಿ ಶಿಲ್ಪಿಯ ಸ್ಥಾನವೇನು ಎಂದು ಕೇಳಿದ್ದರು. ಶಿಲ್ಪಿ ಎಂಬ ಪದವೇ ನನ್ನ ತಲೆಯಲ್ಲಿರಲಿಲ್ಲ. ಒಂದೂವರೆ ಪುಟವನ್ನು ಹಾಗೆಯೇ ಬರೆದು ಬಂದೆ. ಉಳಿದ ಪ್ರಶ್ನೆಗಳ ಗತಿಯೂ ಹೆಚ್ಚು ಕಡಿಮೆ ಅದೇ ಆಗಿತ್ತು.

ಅಬ್ಬಾ ಇನ್ನೊಂದು ಸಲ ಪರೀಕ್ಷೆಗೆ ಹಣ ಕಟ್ಟಿದರು. ನಾನು ಗೈಡನ್ನು ಬದಿಗಿಟ್ಟು ಪಠ್ಯವನ್ನೇ ಓದಲು ಕುಳಿತೆ. ಓದುವುದನ್ನು ಕೇಳಲು ಮನೆಯಲ್ಲಿದ್ದವಳು ಆಪಾ ಒಬ್ಬಳೇ. ಆಕೆ ಹೊಲಿಯುತ್ತಿದ್ದಳು, ನಾನು ಪಕ್ಕದಲ್ಲಿ ಕುಳಿತು ಪದ್ಯವನ್ನು ಗಟ್ಟಿಯಾಗಿ ಓದಿ, ಒಂದೊಂದು ಸಾಲನ್ನೂ ನಮ್ಮ ಮನೆಮಾತಿನಲ್ಲಿ ಹೇಳುತ್ತಿದ್ದೆ. ಮರುಭೂಮಿಯಲ್ಲಿ ಎರಡು ಕಲ್ಲಿನ ಕಾಲುಗಳು ನಿಂತಿವೆ, ಪಕ್ಕದಲ್ಲಿ ಮುರಿದ ಮುಖ ಮರಳಿನಲ್ಲಿ ಅರ್ಧ ಹೂತುಹೋಗಿದೆ, ಆ ಮುಖದಲ್ಲಿ ಇನ್ನೂ ದರ್ಪವಿದೆ, ಪೀಠದ ಮೇಲೆ ರಾಜನ ಹೆಸರಿದೆ, ಸುತ್ತ ಮರಳಲ್ಲದೆ ಬೇರೇನೂ ಇಲ್ಲ. ಆಪಾ ಯಂತ್ರ ನಿಲ್ಲಿಸಿ ಕೇಳಿದಳು: “ರಾಜನ ಹೆಸರು ಇದೆ ಅಂದೆ. ಆ ಮುಖ ಕೆತ್ತಿದವನ ಹೆಸರು?”

ನಾನು ಫೇಲಾದ ಪ್ರಶ್ನೆಯೇ ಅದು. ಇಂಗ್ಲಿಷಿನಲ್ಲಿ ಫೇಲಾದ ನನ್ನ ಆಪಾ ಆ ಪದ್ಯವನ್ನು ಒಮ್ಮೆ ಕೇಳಿ ಅದನ್ನು ಕೇಳಿದ್ದಳು. ಪುಸ್ತಕ ತೆಗೆದು ನೋಡಿದೆ. ಶಿಲ್ಪಿಗೆ ಹೆಸರಿಲ್ಲ. ಆದರೆ ರಾಜನ ಅಹಂಕಾರವನ್ನು ಸರಿಯಾಗಿ ಓದಿ ಕಲ್ಲಿನಲ್ಲಿ ಇಟ್ಟವನು ಅವನೇ. ರಾಜ್ಯ ಹೋಯಿತು, ಅವನ ಕೈಕೆಲಸ ಮುರಿದರೂ ಉಳಿಯಿತು. ಉತ್ತರ ಇಷ್ಟೇ ಆಗಿತ್ತು.

ಈ ಪದ್ಯವನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಪದ್ಯವನ್ನು ಓದುವ ಕ್ರಮವನ್ನು ಹೇಳುತ್ತೇನೆ. ಮೊದಲು ಎರಡು ಸಲ ಗಟ್ಟಿಯಾಗಿ ಓದಿ. ಅರ್ಥವಾಗದ ಪದಗಳಿಗೆ ಕೇವಲ ಗೆರೆ ಎಳೆಯಿರಿ, ನಿಲ್ಲಬೇಡಿ. ಆಮೇಲೆ ನಿಘಂಟು ನೋಡಿ. ಮೂರನೆಯದಾಗಿ, ಇಲ್ಲಿ ಮಾತನಾಡುವವರು ಯಾರು ಎಂದು ಕೇಳಿಕೊಳ್ಳಿ. ‘ಕವಿ ಮರುಭೂಮಿಗೆ ಹೋಗಿ ಪ್ರತಿಮೆಯನ್ನು ನೋಡಿದನು’ ಎಂದು ಬರೆಯುವವರು ಬಹಳ. ಅದು ತಪ್ಪು. ಷೆಲ್ಲಿ ಈಜಿಪ್ಟಿಗೆ ಹೋದವನೇ ಅಲ್ಲ. ಪದ್ಯದಲ್ಲಿ ‘ನಾನು’ ಎಂಬವನು ಒಬ್ಬ ಪ್ರಯಾಣಿಕನನ್ನು ಭೇಟಿಯಾಗುತ್ತಾನೆ, ಆ ಪ್ರಯಾಣಿಕ ತಾನು ಕಂಡದ್ದನ್ನು ಹೇಳುತ್ತಾನೆ, ಅವನ ಮಾತಿನೊಳಗೆ ಪೀಠದ ಮೇಲಿನ ರಾಜನ ಮಾತು ಬರುತ್ತದೆ. ಹದಿನಾಲ್ಕೇ ಸಾಲಿನ ಸಾನೆಟ್ಟಿನಲ್ಲಿ ಮೂರು ದನಿಗಳಿವೆ. ನಾಲ್ಕನೆಯದಾಗಿ, ಪದ್ಯ ಎಲ್ಲಿ ತಿರುಗುತ್ತದೆ ಎಂದು ಹುಡುಕಿ. ರಾಜನ ಬಡಾಯಿ ಮುಗಿದ ಕೂಡಲೇ ಬರಿ ಮರಳು ಕಾಣುತ್ತದೆ. ತಿರುವು ಅಲ್ಲಿದೆ. ಕೊನೆಯದಾಗಿ, ಇಡೀ ಪದ್ಯದ ಅರ್ಥವನ್ನು ಉರ್ದುವಿನಲ್ಲೋ ಕನ್ನಡದಲ್ಲೋ ನಿಮ್ಮದೇ ಎರಡು ವಾಕ್ಯಗಳಲ್ಲಿ ಬರೆಯಿರಿ. ಅದು ಬರೆಯಲು ಬಂದರೆ ಪದ್ಯ ನಿಮ್ಮದಾಯಿತು. ಇಂಗ್ಲಿಷ್ ವಾಕ್ಯ ಆಮೇಲೆ ತಾನಾಗಿ ಬರುತ್ತದೆ.

ಕವಿಯ ಕಾಲ ಮತ್ತು ಹಿನ್ನೆಲೆ ತಿಳಿದಿರಲಿ, ಆದರೆ ಅದೇ ಉತ್ತರವಲ್ಲ. ಈ ಪದ್ಯ 1818ರಲ್ಲಿ ಪ್ರಕಟವಾಯಿತು, ಓಜಿಮಾಂಡಿಯಾಸ್ ಎಂಬುದು ಈಜಿಪ್ಟಿನ ಎರಡನೇ ರಾಮೆಸಿಸ್‌ನ ಗ್ರೀಕ್ ಹೆಸರು. ಇಷ್ಟು ಒಂದು ವಾಕ್ಯಕ್ಕೆ ಸಾಕು. ನಿಮ್ಮ ಊರಿನ ಹೋಲಿಕೆ ಸಿಕ್ಕರೆ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ವಿಜಾಪುರದ ಬಾರಾ ಕಮಾನ್ ನೋಡಿದವರಿಗೆ ಈ ಪದ್ಯ ಬೇಗ ಹಿಡಿಯುತ್ತದೆ. ಹೋಲಿಸುವಾಗ ವ್ಯತ್ಯಾಸವನ್ನೂ ಗಮನಿಸಿ. ಎರಡನೇ ಅಲಿ ಆದಿಲ್ ಷಾನ ಆ ಸಮಾಧಿ ಪೂರ್ತಿಯಾಗದೆ ನಿಂತ ಕಟ್ಟಡ, ಓಜಿಮಾಂಡಿಯಾಸ್‌ನದು ಪೂರ್ತಿಯಾಗಿ ಕುಸಿದದ್ದು.

ಇನ್ನೊಂದು ಪದ್ಯ ನೋಡೋಣ. ವರ್ಡ್ಸ್‌ವರ್ತ್‌ನ ‘ಡ್ಯಾಫೊಡಿಲ್ಸ್’ ಎಂದು ನಾವು ಕರೆಯುವ ಪದ್ಯ. ‘ಆ ಹೂವನ್ನೇ ನಾವು ನೋಡಿಲ್ಲ ಮೇಡಂ’ ಎಂದು ಮಕ್ಕಳು ಹೇಳುತ್ತಾರೆ. ನೋಡಬೇಕಾಗಿಲ್ಲ. ಹೂವಿರುವ ಸೂರ್ಯಕಾಂತಿ ಹೊಲದ ಪಕ್ಕದಲ್ಲಿ ಬಸ್ಸಿನಲ್ಲಿ ಹೋದದ್ದು ನೆನಪಿದೆಯೇ? ಅಷ್ಟು ಸಾಕು. ಪದ್ಯದ ಹುರುಳು ಇರುವುದು ಕೊನೆಯ ಭಾಗದಲ್ಲಿ. ಕಂಡಾಗ ಬೆಲೆ ತಿಳಿಯದ ನೋಟ, ಒಬ್ಬನೇ ಮಲಗಿರುವಾಗ ನೆನಪಾಗಿ ಬಂದು ಸಂತೋಷ ಕೊಡುತ್ತದೆ. ಇಲ್ಲೊಂದು ಸ್ವಾರಸ್ಯವಿದೆ. ಆ ಹೂಗಳನ್ನು ಕವಿ ಕಂಡದ್ದು 1802ರ ಏಪ್ರಿಲ್ 15ರಂದು, ತಂಗಿ ಡೊರೊಥಿಯ ಜೊತೆಯಲ್ಲಿ. ಆಕೆ ಅದನ್ನು ತನ್ನ ದಿನಚರಿಯಲ್ಲಿ ಬರೆದಿದ್ದಾಳೆ. 1807ರಲ್ಲಿ ಪದ್ಯ ಪ್ರಕಟವಾದಾಗ ಅದರಲ್ಲಿ ಕವಿ ಒಬ್ಬಂಟಿ. ಪದ್ಯದ ‘ನಾನು’ ಮತ್ತು ಬದುಕಿನ ಕವಿ ಒಂದೇ ಅಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇಕಿಲ್ಲ.

ಈಗ ಪ್ರಬಂಧಗಳ ವಿಷಯ. ಎಲ್ಲ ಪ್ರಬಂಧವನ್ನೂ ಒಂದೇ ರೀತಿ ಓದಬಾರದು. ಬೇಕನ್‌ನ ‘ಆಫ್ ಸ್ಟಡೀಸ್’ ಅವನ 1597ರ ಮೊದಲ ಸಂಕಲನದಲ್ಲಿದ್ದ ಹತ್ತು ಪ್ರಬಂಧಗಳಲ್ಲಿ ಒಂದು. 1625ರ ಹೊತ್ತಿಗೆ ಆ ಸಂಕಲನ 58 ಪ್ರಬಂಧಗಳಷ್ಟು ಬೆಳೆಯಿತು. ಅವನು ವಿಷಯವನ್ನು ಮೂರು ಮೂರಾಗಿ ಹೇಳುತ್ತಾನೆ: ಓದಿನಿಂದ ಮೂರು ಉಪಯೋಗ, ಅತಿಯಾದರೆ ಮೂರು ದೋಷ. ಪುಟವನ್ನು ಮಡಿಚಿ ಕೋಷ್ಟಕ ಮಾಡಿಕೊಳ್ಳಿ, ಇಡೀ ಪ್ರಬಂಧ ಒಂದೇ ಹಾಳೆಯಲ್ಲಿ ಕೂರುತ್ತದೆ.

ಚಾರ್ಲ್ಸ್ ಲ್ಯಾಂಬ್‌ನ ‘ಡ್ರೀಮ್ ಚಿಲ್ಡ್ರನ್’ ಹಾಗಲ್ಲ. 1822ರಲ್ಲಿ ಬಂದ ಈ ಪ್ರಬಂಧಕ್ಕೆ ಕೋಷ್ಟಕ ಮಾಡಿದರೆ ಪ್ರಾಣ ಹೋಗುತ್ತದೆ. ತಂದೆಯೊಬ್ಬ ತನ್ನ ಇಬ್ಬರು ಮಕ್ಕಳಿಗೆ ಅಜ್ಜಿಯ ಕಾಲದ ಕಥೆ ಹೇಳುತ್ತಾನೆ. ಕೊನೆಯಲ್ಲಿ ಮಕ್ಕಳು ಕಣ್ಣೆದುರೇ ಮಸುಕಾಗುತ್ತಾರೆ. ಅವರು ಹುಟ್ಟಿದವರೇ ಅಲ್ಲ, ಅದು ಮದುವೆಯಾಗದ ಒಬ್ಬನ ಕನಸು. ಲ್ಯಾಂಬ್ ಅಸ್ವಸ್ಥಳಾದ ಅಕ್ಕನನ್ನು ನೋಡಿಕೊಂಡು ಮದುವೆಯಾಗದೆ ಉಳಿದವನು. ಗೈಡಿನ ಸಾರಾಂಶ ಮೊದಲ ವಾಕ್ಯದಲ್ಲೇ ಇದು ಕನಸು ಎಂದು ಹೇಳಿಬಿಡುತ್ತದೆ. ಅದನ್ನು ಮೊದಲು ಓದಿದವರಿಗೆ ಆ ಕೊನೆಯ ನೋವು ಎಂದೂ ಸಿಗುವುದಿಲ್ಲ. ನೋವು ಸಿಗದವರು ಲ್ಯಾಂಬ್‌ನ ಶೈಲಿಯ ಬಗ್ಗೆ ಏನು ಬರೆದಾರು?

ಇದೆಲ್ಲ ಪರರ ಸಾಹಿತ್ಯ, ನಮಗೆ ಹೇಗೆ ಹತ್ತೀತು ಎಂದು ಹೆದರಬೇಡಿ. ನಮ್ಮ ಹಿರಿಯರು ಈ ದಾರಿಯಲ್ಲಿ ನಡೆದಿದ್ದಾರೆ. ಸರ್ ಸೈಯದ್ ಅಹ್ಮದ್ ಖಾನ್ ಇಂಗ್ಲೆಂಡಿನಿಂದ ಮರಳಿ 1870ರಲ್ಲಿ ‘ತಹಜೀಬುಲ್ ಅಖ್ಲಾಕ್’ ಆರಂಭಿಸಿದಾಗ ಅವರ ಮುಂದಿದ್ದ ಮಾದರಿ ಅಡಿಸನ್ ಮತ್ತು ಸ್ಟೀಲ್ ನಡೆಸಿದ ‘ಟ್ಯಾಟ್ಲರ್’, ‘ಸ್ಪೆಕ್ಟೇಟರ್’ ಪತ್ರಿಕೆಗಳು. ಉರ್ದು ಮಜ್ಮೂನ್ ಬೆಳೆದದ್ದು ಆ ಬಾಗಿಲಿನಿಂದಲೂ ಹೌದು. ನಮ್ಮ ಮಕ್ಕಳು ಓದುವ ಇಕ್ಬಾಲರ ಬೆಟ್ಟ ಮತ್ತು ಅಳಿಲಿನ ಪದ್ಯದ ಮೂಲ ಅಮೆರಿಕದ ಎಮರ್ಸನ್. ಥಾಮಸ್ ಗ್ರೇಯ ‘ಎಲಿಜಿ’ಯನ್ನು ನಜ್ಮ್ ತಬಾತಬಾಯಿ ‘ಗೋರ್-ಎ-ಗರೀಬಾಂ’ ಎಂದು ಉರ್ದುವಿಗೆ ತಂದರು. ಇತ್ತ ಕನ್ನಡದಲ್ಲಿ ಬಿ.ಎಂ.ಶ್ರೀಕಂಠಯ್ಯನವರು ‘ಇಂಗ್ಲಿಷ್ ಗೀತಗಳು’ ಬರೆದು ಹೊಸ ಕಾವ್ಯಕ್ಕೆ ದಾರಿ ತೆರೆದರು. ನಮ್ಮ ಶಾಲೆಗಳಲ್ಲಿ ಹಾಡುವ ಬೆಳಕಿನ ಆ ಪ್ರಾರ್ಥನೆ ನ್ಯೂಮನ್ 1833ರಲ್ಲಿ ಇಂಗ್ಲಿಷಿನಲ್ಲಿ ಬರೆದದ್ದು. ನೀವು ಆಗಲೇ ಇಂಗ್ಲಿಷ್ ಪದ್ಯಗಳನ್ನು ಓದಿದ್ದೀರಿ, ನಿಮಗೆ ಗೊತ್ತಿಲ್ಲ ಅಷ್ಟೇ. ಮೂಲ ಮತ್ತು ಅನುವಾದ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಒಂದು ಸಂಜೆ ಓದಿ ನೋಡಿ.

ಪರೀಕ್ಷೆಯ ಕೋಣೆಗೆ ಕೆಲವು ಸೂಚನೆಗಳು. ಪ್ರಶ್ನೆಯನ್ನು ಎರಡು ಸಲ ಓದಿ, ಅದರಲ್ಲಿ ಕೇಳಿರುವ ಪದದ ಕೆಳಗೆ ಗೆರೆ ಎಳೆಯಿರಿ. ಉತ್ತರದ ಮೊದಲ ವಾಕ್ಯ ಆ ಪದಕ್ಕೇ ಉತ್ತರವಾಗಿರಲಿ. ಸಂದರ್ಭ ಸಹಿತ ವಿವರಣೆಯಲ್ಲಿ ಪದ್ಯದ ಹೆಸರು, ಕವಿ, ಯಾರು ಯಾರಿಗೆ ಹೇಳಿದ್ದು, ಯಾವಾಗ, ಅದರ ಅರ್ಥ, ಈ ಐದೂ ಬರಬೇಕು. ಉದ್ದ ವಾಕ್ಯಗಳ ಮೋಹ ಬೇಡ. ಗೈಡಿನ ಸೊಗಸಾದ ವಾಕ್ಯ ಅರ್ಧಕ್ಕೆ ಮರೆತರೆ ಪೂರ್ತಿ ಮುಳುಗುತ್ತೀರಿ, ನಿಮ್ಮದೇ ಚಿಕ್ಕ ವಾಕ್ಯ ಮರೆಯುವುದಿಲ್ಲ. ಕವಿಗಳ ಹೆಸರಿನ ಕಾಗುಣಿತವನ್ನು ಬರೆದು ಅಭ್ಯಾಸ ಮಾಡಿ. ಇಂದು ಗೈಡಿನ ಜಾಗಕ್ಕೆ ಮೊಬೈಲ್ ಬಂದಿದೆ, ಸಿದ್ಧ ಉತ್ತರ ಕ್ಷಣದಲ್ಲಿ ಸಿಗುತ್ತದೆ. ನೀವು ಮೊದಲು ಓದಿ, ನಿಮ್ಮ ಉತ್ತರ ಬರೆದು, ಆಮೇಲೆ ಬೇಕಾದರೆ ಹೋಲಿಸಿ ನೋಡಿ.

ಪೋಷಕರಲ್ಲಿ ಮತ್ತು ಸಂಸ್ಥೆಯ ಹಿರಿಯರಲ್ಲಿ ಒಂದು ಅರಿಕೆ. ಒಂದು ವಿಷಯದಲ್ಲಿ ಫೇಲಾದ ಮಗಳ ಓದನ್ನು ಅಲ್ಲಿಗೆ ನಿಲ್ಲಿಸಬೇಡಿ. ಅವಳಿಗೆ ಬೇಕಾಗಿರುವುದು ಮರುಪರೀಕ್ಷೆಯ ಶುಲ್ಕ, ಒಂದು ನಿಘಂಟು ಮತ್ತು ಓದುವುದನ್ನು ಕೇಳುವ ಒಬ್ಬರು. ನಮ್ಮ ಸಂಸ್ಥೆಯ ವಾಚನಾಲಯದಲ್ಲಿ ಭಾನುವಾರ ಬೆಳಿಗ್ಗೆ ಎರಡು ಗಂಟೆ ಹೀಗೆ ಕುಳಿತು ಓದಲು ಜಾಗ ಕೊಟ್ಟರೆ ಬರಲು ನಾನು ಸಿದ್ಧ.

ನಾನು ಮರುಪರೀಕ್ಷೆಯಲ್ಲಿ ಪಾಸಾದೆ, ಬಿ.ಎಡ್. ಮಾಡಿದೆ, ಇಂದು ನಿಮ್ಮ ಮುಂದೆ ನಿಂತಿದ್ದೇನೆ. ನನ್ನ ಆಪಾ ಈ ಸಭೆಯ ಹಿಂದಿನ ಸಾಲಿನಲ್ಲಿ ಕುಳಿತಿದ್ದಾಳೆ. ಆಕೆಗೆ ಬುದ್ಧಿ ಕಡಿಮೆಯಿರಲಿಲ್ಲ, ಇನ್ನೊಂದು ಅವಕಾಶ ಸಿಗಲಿಲ್ಲ. ಈಗ ಆಕೆಯ ಮಗಳು ಪಿ.ಯು.ಸಿ.ಯಲ್ಲಿದ್ದಾಳೆ. ರಾತ್ರಿ ಅವಳು ಪದ್ಯ ಓದುತ್ತಾಳೆ, ಆಪಾ ಯಂತ್ರ ನಿಲ್ಲಿಸಿ ಪ್ರಶ್ನೆ ಕೇಳುತ್ತಾಳೆ.