ಮುಚ್ಚಿದ ಮನೆಯೊಳಗಿನ ಬೆಂಕಿ

(ಕನ್ನಡ ಕೂಟದ ಶರತ್ಕಾಲದ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಪಠ್ಯ)



ಈ ಉಪನ್ಯಾಸಕ್ಕೆ ಆಹ್ವಾನಿಸಿದಾಗ ಕೂಟದ ಕಾರ್ಯದರ್ಶಿಗಳು ರಕ್ತದೊತ್ತಡ, ಮಧುಮೇಹ, ಕೊಲೆಸ್ಟರಾಲ್ ಈ ಮೂರರಲ್ಲಿ ಒಂದನ್ನು ಆರಿಸಿಕೊಳ್ಳಬಹುದೆಂದು ಸೂಚಿಸಿದ್ದರು. ಮೂರೂ ಮುಖ್ಯವಾದ ವಿಷಯಗಳೇ. ಆದರೆ ಅಕ್ಟೋಬರ್ ತಿಂಗಳು ಮುಗಿಯುತ್ತ ಬಂದಿದೆ. ಈ ವಾರವೋ ಮುಂದಿನ ವಾರವೋ ನಿಮ್ಮೆಲ್ಲರ ಮನೆಗಳಲ್ಲಿ ಗ್ಯಾಸ್ ಫರ್ನೇಸ್ ಹೊತ್ತಿಕೊಳ್ಳಲಿದೆ. ಆದ್ದರಿಂದ ಆ ಯಂತ್ರದ ವಿಷಯವನ್ನೇ ಮಾತನಾಡಲು ನಾವು ಅನುಮತಿ ಬೇಡಿದೆವು. ವೈದ್ಯರಿಗೂ ಫರ್ನೇಸಿಗೂ ಏನು ಸಂಬಂಧವೆಂದು ನೀವು ಕೇಳಬಹುದು. ಅದು ಸರಿಯಾಗಿ ಉರಿದರೆ ಯಾವ ಸಂಬಂಧವೂ ಇಲ್ಲ. ಕೆಟ್ಟು ಉರಿದರೆ ಅದರ ಫಲ ಬಂದು ಸೇರುವುದು ತುರ್ತು ಚಿಕಿತ್ಸೆಯ ಕೊಠಡಿಗೆ.

ನಮ್ಮಲ್ಲಿ ಬಹುಮಂದಿ ಬೆಂಕಿಯನ್ನು ಕಣ್ಣೆದುರಿಗೆ ಕಂಡು ಬೆಳೆದವರು. ಬಚ್ಚಲುಮನೆಯಲ್ಲಿ ಹಂಡೆಯ ಕೆಳಗೆ ಸೌದೆ, ಅಡುಗೆಮನೆಯಲ್ಲಿ ಇದ್ದಿಲೊಲೆ, ಬಾಣಂತಿಯ ಕೋಣೆಯಲ್ಲಿ ಅಗ್ಗಿಷ್ಟಿಕೆ. ಹೊಗೆ ಕಣ್ಣನ್ನು ಉರಿಸುತ್ತಿತ್ತು, ಕೆಮ್ಮು ತರಿಸುತ್ತಿತ್ತು. ಅದರಿಂದ ನಮ್ಮ ತಾಯಂದಿರ ಶ್ವಾಸಕೋಶಗಳಿಗೆ ಆದ ಹಾನಿಯೂ ಅಲ್ಪವಲ್ಲ. ಆದರೂ ಹೆಂಚಿನ ಸಂದುಗಳು, ಗವಾಕ್ಷಿ, ಹಗಲೆಲ್ಲ ತೆರೆದಿರುತ್ತಿದ್ದ ಹಿತ್ತಲ ಬಾಗಿಲು ಇವುಗಳ ಮೂಲಕ ಆ ಮನೆ ತಾನೇ ಉಸಿರಾಡುತ್ತಿತ್ತು. ಈ ದೇಶದ ಮನೆ ಹಾಗಲ್ಲ. ಶಾಖ ಸೋರಬಾರದೆಂದು ಗೋಡೆಯೊಳಗೆ ಹೊದಿಕೆ, ಕಿಟಕಿಗೆ ಎರಡು ಗಾಜು, ಬಾಗಿಲ ಅಂಚಿಗೆ ರಬ್ಬರು. ಬೆಂಕಿಯಾದರೋ ಬೇಸ್‌ಮೆಂಟಿನಲ್ಲಿ, ಲೋಹದ ಪೆಟ್ಟಿಗೆಯೊಳಗೆ, ಯಾರ ಕಣ್ಣಿಗೂ ಬೀಳದೆ ಉರಿಯುತ್ತದೆ. ಮುಚ್ಚಿದ ಮನೆಯೊಳಗೆ ಬೆಂಕಿಯನ್ನಿಟ್ಟು ಬದುಕಬೇಕಾದರೆ ಮೂರು ದಾರಿಗಳು ತೆರೆದಿರಬೇಕು. ಬೆಂಕಿಗೆ ಬೇಕಾದ ಗಾಳಿ ಬರುವ ದಾರಿ ಒಂದು. ಸುಟ್ಟ ಅನಿಲ ಹೊರಕ್ಕೆ ಹೋಗುವ ದಾರಿ ಮತ್ತೊಂದು. ಮನೆಯ ಗಾಳಿ ಬಂದು ಶಾಖ ಪಡೆದು ಹಿಂದಿರುಗುವ ದಾರಿ ಮೂರನೆಯದು. ಇಂದು ನಾವು ಹೇಳಬೇಕಾದದ್ದರ ಸಾರವಿಷ್ಟೆ: ಈ ಮೂರು ದಾರಿಗಳನ್ನು ಕಾಯುವವನಿಗೆ ಪ್ರಾಣರಕ್ಷಣೆಯೂ ಹಣದ ಉಳಿತಾಯವೂ ಬಹುಮಟ್ಟಿಗೆ ಒಂದೇ ಕೆಲಸದಿಂದ ದೊರೆಯುತ್ತವೆ.

ಮೊದಲು ಯಂತ್ರವನ್ನು ಅರಿಯೋಣ. ಥರ್ಮೋಸ್ಟ್ಯಾಟ್ ಶಾಖ ಬೇಕೆಂದು ಸೂಚನೆ ಕೊಟ್ಟೊಡನೆ ಇಂದಿನ ಫರ್ನೇಸಿನಲ್ಲಿ ಮೊದಲು ತಿರುಗುವುದು ಒಂದು ಸಣ್ಣ ಫ್ಯಾನು. ಹೊಗೆಕೊಳವೆಯ ಕಡೆಗೆ ಅನಿಲವನ್ನು ಸೆಳೆಯುವುದು ಅದರ ಕೆಲಸ. ಸೆಳೆತ ಸರಿಯಾಗಿದೆಯೆಂದು ಒತ್ತಡದ ಸ್ವಿಚ್ಚಿಗೆ ಖಚಿತವಾದರೆ ಮಾತ್ರ ಇಗ್ನೈಟರ್ ಕೆಂಪಗೆ ಕಾಯುತ್ತದೆ, ಗ್ಯಾಸಿನ ಕವಾಟ ತೆರೆಯುತ್ತದೆ, ಜ್ವಾಲೆ ಹೊತ್ತುತ್ತದೆ. ಜ್ವಾಲೆ ನಿಜವಾಗಿ ಹೊತ್ತಿದೆಯೇ ಎಂಬುದನ್ನು ಒಂದು ಸೆನ್ಸರ್ ಪರೀಕ್ಷಿಸುತ್ತದೆ. ಇಲ್ಲವಾದರೆ ಕೆಲವೇ ಕ್ಷಣಗಳಲ್ಲಿ ಗ್ಯಾಸು ನಿಲ್ಲುತ್ತದೆ. ಜ್ವಾಲೆಯ ಬಿಸಿ ಅನಿಲಗಳು ಹೀಟ್ ಎಕ್ಸ್‌ಚೇಂಜರ್ ಎಂಬ ಲೋಹದ ಕೊಳವೆಗಳೊಳಗೆ ಹರಿಯುತ್ತವೆ. ಸ್ವಲ್ಪ ಹೊತ್ತಿನ ಮೇಲೆ ದೊಡ್ಡ ಬ್ಲೋವರ್ ತಿರುಗಿ ಮನೆಯ ಗಾಳಿಯನ್ನು ಆ ಕೊಳವೆಗಳ ಹೊರಮೈ ಮೇಲೆ ಹಾಯಿಸುತ್ತದೆ. ನಾವು ಉಸಿರಾಡುವ ಗಾಳಿಗೂ ಸುಟ್ಟ ಅನಿಲಕ್ಕೂ ನಡುವೆ ಇರುವುದು ತೆಳುವಾದ ಲೋಹದ ಒಂದು ಗೋಡೆ ಮಾತ್ರ. ಆ ಗೋಡೆ ಬಿರುಕುಬಿಡದಂತೆ ನೋಡಿಕೊಳ್ಳುವುದೇ ಫರ್ನೇಸಿನ ರಕ್ಷಣೆಯ ಮುಖ್ಯ ಭಾಗ.

ನೈಸರ್ಗಿಕ ಅನಿಲದ ಬಹುಭಾಗ ಮೀಥೇನ್. ಅದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. 1937ರ ಮಾರ್ಚ್ ತಿಂಗಳಲ್ಲಿ ಟೆಕ್ಸಸ್ ರಾಜ್ಯದ ನ್ಯೂ ಲಂಡನ್ ಎಂಬ ಊರಿನ ಶಾಲೆಯಲ್ಲಿ ಸೋರಿದ ಗ್ಯಾಸು ಸ್ಫೋಟಿಸಿ ಸುಮಾರು 300 ಮಂದಿ, ಹೆಚ್ಚಿನವರು ಮಕ್ಕಳು, ಮಡಿದರು. ಆ ದುರಂತದ ತರುವಾಯ ಗ್ಯಾಸಿಗೆ ಕೊಳೆತ ಮೊಟ್ಟೆಯಂಥ ವಾಸನೆಯನ್ನು ಬೆರೆಸುವುದು ಕಡ್ಡಾಯವಾಗುತ್ತ ಬಂತು. ಮನೆಯಲ್ಲಿ ಆ ವಾಸನೆ ಬಂದರೆ ದೀಪದ ಸ್ವಿಚ್ಚನ್ನು ಹಾಕಲೂಬೇಡಿ, ಆರಿಸಲೂಬೇಡಿ, ಬೆಂಕಿಕಡ್ಡಿ ಗೀರಬೇಡಿ. ಎಲ್ಲರೂ ಹೊರಕ್ಕೆ ನಡೆದು, ಮನೆಯಿಂದ ದೂರ ನಿಂತು ಫೋನು ಮಾಡಿ.

ಗ್ಯಾಸಿನ ಸೋರಿಕೆಯನ್ನು ಮೂಗು ಹೇಳುತ್ತದೆ. ಇನ್ನೊಂದು ಶತ್ರುವಿನ ಸುಳಿವು ಮೂಗಿಗೂ ಹತ್ತದು. ಗಾಳಿ ಸಾಲದೆ ಇಂಧನ ಅರೆಬರೆ ಉರಿದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ಅದು. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಅಪ್ಪಿಕೊಳ್ಳುವುದಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಈ ಅನಿಲವನ್ನು ಅಪ್ಪಿಕೊಳ್ಳುತ್ತದೆ. ಗಾಳಿಯಲ್ಲಿ ಅದು ಅತ್ಯಲ್ಪವಾಗಿದ್ದರೂ ಗಂಟೆಗಳು ಕಳೆದಂತೆ ರಕ್ತದಲ್ಲಿ ಸಂಗ್ರಹವಾಗುತ್ತದೆ. ಶ್ವಾಸ ನಡೆಯುತ್ತಿದೆ, ನಾಡಿ ಮಿಡಿಯುತ್ತಿದೆ, ಆದರೆ ಮೆದುಳಿಗೂ ಹೃದಯಕ್ಕೂ ಆಮ್ಲಜನಕವಿಲ್ಲ. ಅಮೆರಿಕದಲ್ಲಿ ಅಗ್ನಿ ಅನಾಹುತಗಳನ್ನು ಬಿಟ್ಟು, ಕೇವಲ ಆಕಸ್ಮಿಕವಾಗಿ ಈ ವಿಷಾನಿಲದಿಂದ ವರ್ಷಕ್ಕೆ 400ಕ್ಕೂ ಹೆಚ್ಚು ಮಂದಿ ಸಾಯುತ್ತಾರೆ, ಒಂದು ಲಕ್ಷಕ್ಕೂ ಹೆಚ್ಚು ಮಂದಿ ತುರ್ತು ಚಿಕಿತ್ಸೆಗೆ ಬರುತ್ತಾರೆ ಎಂದು ಇಲ್ಲಿನ ರೋಗನಿಯಂತ್ರಣ ಕೇಂದ್ರದ ಅಂದಾಜು. ಸಿರಿವಂತರ ಮನೆಯನ್ನೂ ಇದು ಬಿಡುವುದಿಲ್ಲ. ಪ್ರಸಿದ್ಧ ಟೆನಿಸ್ ಆಟಗಾರ ವೀಟಸ್ ಗೆರುಲೈಟಿಸ್ 1994ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕ್ ರಾಜ್ಯದ ಸೌತಾಂಪ್ಟನ್ನಿನಲ್ಲಿ ಸ್ನೇಹಿತರ ಅತಿಥಿಗೃಹದಲ್ಲಿ ಮಲಗಿದ್ದಾಗಲೇ ತೀರಿಕೊಂಡದ್ದು ಇದರಿಂದಲೇ. ಈಜುಕೊಳದ ನೀರು ಕಾಯಿಸುವ ಯಂತ್ರದ ಹೊಗೆಯ ದಾರಿಯನ್ನು ಸರಿಯಾಗಿ ಜೋಡಿಸಿರಲಿಲ್ಲ. ಆಗ ಅವರಿಗೆ 40 ವರ್ಷ.

ಈ ವಿಷದ ಲಕ್ಷಣಗಳು ಸಾಮಾನ್ಯ ಜ್ವರದ ವೇಷ ಹಾಕಿಕೊಂಡು ಬರುತ್ತವೆ: ತಲೆನೋವು, ಓಕರಿಕೆ, ತಲೆಸುತ್ತು, ಸುಸ್ತು, ಮಂಕು. ಜ್ವರದ ಬಿಸಿ ಮಾತ್ರ ಇರುವುದಿಲ್ಲ. ಕೆಲವು ಚಳಿಗಾಲಗಳ ಹಿಂದೆ ನಾವು ಕಂಡ ಒಂದು ಕುಟುಂಬದ ಸಂಗತಿಯನ್ನು ಹೆಸರು ಬಿಟ್ಟು ಹೇಳುತ್ತೇವೆ. ಮಗನ ಮನೆಗೆ ಊರಿನಿಂದ ತಾಯಿ ಬಂದಿದ್ದರು. ಬಂದ ಕೆಲವು ವಾರಗಳಲ್ಲಿ ಅವರಿಗೆ ದಿನವೂ ತಲೆನೋವು, ಊಟ ಸೇರದು. ವಾತಾವರಣ ಬದಲಾದದ್ದರಿಂದ ಹೀಗಾಗಿದೆ, ಊರಿನ ನೆನಪು ಕಾಡುತ್ತಿದೆ ಎಂದು ಮನೆಯವರು ಸಮಾಧಾನ ಹೇಳಿದರು. ಮಗ ಸೊಸೆ ಆಫೀಸಿಗೂ ಮಗು ಶಾಲೆಗೂ ಹೋಗುತ್ತಿದ್ದರಿಂದ ಅವರಿಗೆ ವಾರದ ದಿನಗಳಲ್ಲಿ ಏನೂ ಇಲ್ಲ. ಹಿಮ ಬಿದ್ದು ಎಲ್ಲರೂ ಮನೆಯಲ್ಲೇ ಉಳಿದ ಒಂದು ಶನಿವಾರ ನಾಲ್ವರಿಗೂ ತಲೆನೋವು ಬಂತು. ರಕ್ತಪರೀಕ್ಷೆ ವಿಷಯವನ್ನು ಬಯಲು ಮಾಡಿತು. ಬೇಸ್‌ಮೆಂಟಿನಲ್ಲಿ ಹೊಗೆಕೊಳವೆಯ ಒಂದು ಜೋಡಣೆ ಕಳಚಿಕೊಂಡಿತ್ತು. ಹಗಲೆಲ್ಲ ಆ ಗಾಳಿಯಲ್ಲಿ ಕುಳಿತಿದ್ದವರು ಆ ತಾಯಿಯೊಬ್ಬರೇ. ಅವರು ಚೇತರಿಸಿಕೊಂಡರು, ಊರಿಗೂ ಮರಳಿದರು. ನಮ್ಮ ತಂದೆತಾಯಿಗಳು ಇಲ್ಲಿ ದಿನದ 24 ಗಂಟೆಯೂ ಮನೆಯೊಳಗೇ ಇರುವವರು, ತಮ್ಮ ನೋವನ್ನು ಮಕ್ಕಳಿಗೆ ಹೇಳಲು ಸಂಕೋಚ ಪಡುವವರು. ಆದ್ದರಿಂದ ಹೆಚ್ಚು ಅಪಾಯ ಅವರಿಗೇ ಎಂಬುದನ್ನು ಮರೆಯಬೇಡಿ.

ಗುರುತಿಸುವ ಬಗೆ ಇಷ್ಟು: ಮನೆಯ ಹಲವರಿಗೆ ಒಟ್ಟಿಗೇ ತಲೆನೋವು, ಹೊರಗೆ ಹೋದರೆ ಗುಣ, ಮನೆಗೆ ಬಂದರೆ ಮತ್ತೆ ಶುರು. ಗರ್ಭಿಣಿಯರಿಗೆ ವಿಶೇಷ ಎಚ್ಚರ ಬೇಕು. ತಾಯಿಗೆ ಅಲ್ಪವೆನಿಸಿದ್ದು ಗರ್ಭದ ಶಿಶುವಿಗೆ ಮಾರಕವಾಗಬಹುದು. 2020ರ ಕೋವಿಡ್ ಕಾಲದಲ್ಲಿ ಅನೇಕರು ಕೊಂಡಿಟ್ಟುಕೊಂಡ, ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರನ್ನು ಇಲ್ಲಿ ನಂಬಬೇಡಿ. ಮಾನಾಕ್ಸೈಡ್ ತುಂಬಿದ ರಕ್ತವನ್ನೂ ಅದು ಆಮ್ಲಜನಕ ತುಂಬಿದ ರಕ್ತವೆಂದೇ ತೋರಿಸುತ್ತದೆ. ಚಿಕಿತ್ಸೆ ಶುದ್ಧ ಆಮ್ಲಜನಕ. ಸಾಮಾನ್ಯ ಗಾಳಿಯಲ್ಲಿ ರಕ್ತದ ವಿಷ ಅರ್ಧಕ್ಕಿಳಿಯಲು 4ರಿಂದ 5 ಗಂಟೆ ಬೇಕು. ಶುದ್ಧ ಆಮ್ಲಜನಕ ಕೊಟ್ಟರೆ ಸುಮಾರು ಒಂದರಿಂದ ಒಂದೂವರೆ ಗಂಟೆ ಸಾಕು. ಆದ್ದರಿಂದ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಇನ್ನು ನಮ್ಮ ಮನೆಗಳಿಗೆ ವಿಶೇಷವಾದ ಕೆಲವು ಸಂಗತಿಗಳು. ಒಗ್ಗರಣೆಯ ಘಾಟು ಹೋಗಲೆಂದು ನಾವು ಒಲೆಯ ಮೇಲೆ ಬಲವಾದ ಎಕ್ಸಾಸ್ಟ್ ಫ್ಯಾನು ಹಾಕಿಸುತ್ತೇವೆ. ಕಿಟಕಿಗಳೆಲ್ಲ ಮುಚ್ಚಿರುವಾಗ ಆ ಫ್ಯಾನು ಹೊರದೂಡಿದಷ್ಟು ಗಾಳಿ ಎಲ್ಲಿಂದಲಾದರೂ ಒಳಬರಲೇಬೇಕು. ಹಳೆಯ ಮಾದರಿಯ ಫರ್ನೇಸ್ ಅಥವಾ ವಾಟರ್ ಹೀಟರ್ ಇರುವ ಮನೆಯಲ್ಲಿ ಅದು ಚಿಮಣಿಯ ಮೂಲಕವೇ ಒಳಬರಬಹುದು. ಆಗ ಹೊರಹೋಗಬೇಕಾದ ಹೊಗೆ ಹಿಂದಕ್ಕೆ ಮನೆಯೊಳಗೇ ಬರುತ್ತದೆ. ಆದ್ದರಿಂದ ದೊಡ್ಡ ಅಡುಗೆಯ ದಿನ ಅಡುಗೆಮನೆಯ ಕಿಟಕಿಯನ್ನು ಎರಡು ಬೆರಳಷ್ಟು ತೆರೆದಿಡಿ. ಬೇಸ್‌ಮೆಂಟಿನಲ್ಲಿ ದೇವರ ಮನೆಯನ್ನೋ ಅತಿಥಿಗಳ ಕೋಣೆಯನ್ನೋ ಕಟ್ಟಿಸುವಾಗ ಫರ್ನೇಸಿನ ಸುತ್ತ ಗೋಡೆ ಎಬ್ಬಿಸಿ ಅದರ ಗಾಳಿಯನ್ನು ಕಟ್ಟಿಬಿಡಬೇಡಿ. ಬಾಣಂತನಕ್ಕೆಂದು ಬಂದ ಹಿರಿಯರು ಮಗುವಿಗೂ ತಾಯಿಗೂ ಸಾಂಬ್ರಾಣಿ ಹಿಡಿಯಲು ಇದ್ದಿಲ ಕೆಂಡ ಬೇಕೆಂದರೆ ಪ್ರೀತಿಯಿಂದಲೇ ಬೇಡವೆನ್ನಿ. ಇದ್ದಿಲು ಮಾನಾಕ್ಸೈಡಿನ ಗಣಿ. ಹೆಂಚಿನ ಮನೆಯಲ್ಲಿ ನಡೆದದ್ದು ಇಲ್ಲಿ ನಡೆಯದು. ಚಳಿಗೆಂದು ಗ್ಯಾಸಿನ ಅವನ್ ಹೊತ್ತಿಸಿ ಬಾಗಿಲು ತೆರೆದಿಡುವುದು, ಮನೆಗೆ ಅಂಟಿದ ಗರಾಜಿನಲ್ಲಿ ಕಾರಿನ ಎಂಜಿನ್ ಬಿಸಿಮಾಡುವುದು, ವಿದ್ಯುತ್ ಹೋದಾಗ ಗರಾಜಿನಲ್ಲಿ ಜನರೇಟರ್ ನಡೆಸುವುದು ಈ ಮೂರೂ ಸಲ್ಲವು. ಗರಾಜಿನ ಬಾಗಿಲು ತೆರೆದಿದ್ದರೂ ಸಲ್ಲವು.

ಇನ್ನು ಮಿತವ್ಯಯದ ಮಾತು. ಫರ್ನೇಸಿನ ಮೇಲೆ ಬರೆದಿರುವ ಎ.ಎಫ್.ಯು.ಇ. ಎಂಬ ಅಂಕೆ, ನೀವು ಕೊಂಡ ಗ್ಯಾಸಿನ ಶಾಖದಲ್ಲಿ ವರ್ಷಕ್ಕೆ ಶೇಕಡಾ ಎಷ್ಟು ಮನೆಗೆ ದಕ್ಕುತ್ತದೆಂಬುದನ್ನು ತಿಳಿಸುತ್ತದೆ. ಅದು 80 ಆಗಿದ್ದರೆ 100 ಡಾಲರಿನ ಗ್ಯಾಸಿನಲ್ಲಿ 20 ಡಾಲರು ಚಿಮಣಿಯ ಪಾಲು. 95 ಆಗಿದ್ದರೆ 5 ಡಾಲರು ಮಾತ್ರ. ಗ್ಯಾಸು ಉರಿದಾಗ ನೀರಿನ ಆವಿಯೂ ಹುಟ್ಟುತ್ತದೆ. ಹೆಚ್ಚು ದಕ್ಷತೆಯ ಯಂತ್ರಗಳು ಆ ಆವಿಯನ್ನು ನೀರಾಗಿಸಿ, ಅದರಲ್ಲಡಗಿದ ಶಾಖವನ್ನೂ ಪಡೆದುಕೊಳ್ಳುತ್ತವೆ. ಉಳಿದ ಅನಿಲ ತಣ್ಣಗಿರುವುದರಿಂದ ಪ್ಲಾಸ್ಟಿಕ್ ಕೊಳವೆಯಲ್ಲಿ ಗೋಡೆಯ ಪಕ್ಕದಿಂದಲೇ ಹೊರಹೋಗುತ್ತದೆ. ಇಂಥ ಮನೆಯಲ್ಲಿ ಹಿಮ ಸುರಿದಾಗಲೆಲ್ಲ ಹೊರಗಿನ ಕೊಳವೆಗಳ ಬಾಯಿ ಮುಚ್ಚಿಲ್ಲವೆಂದು ನೋಡಬೇಕು. ಕಾರಿನ ದಾರಿಯ ಹಿಮವನ್ನು ತೆಗೆಯುವ ಮೊದಲೇ ಈ ಕೆಲಸವಾಗಲಿ.

ಫಿಲ್ಟರು ಅಗ್ಗದ ವಸ್ತು, ಆದರೆ ಅದನ್ನು ಮರೆತರೆ ದುಬಾರಿ. ಒಂದು ಅಂಗುಲದ ಫಿಲ್ಟರನ್ನು ಚಳಿಗಾಲದಲ್ಲಿ ತಿಂಗಳಿಗೊಮ್ಮೆ ನೋಡಿ, ಮಾಸಿದ್ದರೆ ಬದಲಾಯಿಸಿ. ಅದರ ಅಂಚಿನ ಬಾಣದ ಗುರುತು ಫರ್ನೇಸಿನ ಕಡೆಗಿರಲಿ. ಧೂಳು ಕಟ್ಟಿದ ಫಿಲ್ಟರು ಗಾಳಿಯನ್ನು ತಡೆದರೆ ನಾವು ಹೇಳಿದ ಆ ಲೋಹದ ಗೋಡೆ ಅತಿಯಾಗಿ ಕಾಯುತ್ತದೆ. ವರ್ಷವರ್ಷವೂ ಕಾದು ತಣಿದು ಕೊನೆಗೆ ಬಿರುಕುಬಿಡುವುದು ಹಾಗೆಯೇ. ಖರ್ಚು ಉಳಿಯಲೆಂದು ಕೋಣೆಕೋಣೆಯ ವೆಂಟುಗಳನ್ನು ಮುಚ್ಚುವುದರಿಂದಲೂ ಇದೇ ಹಾನಿ. ಥರ್ಮೋಸ್ಟ್ಯಾಟನ್ನು 80ಕ್ಕೆ ಏರಿಸಿದರೆ ಮನೆ ಬೇಗ ಬಿಸಿಯಾಗುವುದಿಲ್ಲ. ಸಾಮಾನ್ಯ ಫರ್ನೇಸ್ ಒಂದೇ ವೇಗದಲ್ಲಿ ಉರಿಯುತ್ತದೆ, ಹೆಚ್ಚು ಹೊತ್ತು ಉರಿಯುತ್ತದೆ ಅಷ್ಟೆ. ದಿನಕ್ಕೆ 8 ಗಂಟೆ 7ರಿಂದ 10 ಡಿಗ್ರಿ ಫ್ಯಾರನ್‌ಹೀಟ್ ಕಡಿಮೆ ಮಾಡಿಟ್ಟರೆ ವರ್ಷದ ಖರ್ಚಿನಲ್ಲಿ ಶೇಕಡಾ 10ರವರೆಗೆ ಉಳಿಯಬಹುದೆಂದು ಇಲ್ಲಿನ ಇಂಧನ ಇಲಾಖೆ ಹೇಳುತ್ತದೆ. ಆದರೆ ಮನೆಯಲ್ಲಿ ವೃದ್ಧರೋ ಹಸುಗೂಸೋ ಇದ್ದರೆ 68ಕ್ಕಿಂತ ಕೆಳಗಿಳಿಸಬೇಡಿ. ಆ ಉಳಿತಾಯ ನಮಗೆ ಬೇಡ.

ವರ್ಷಕ್ಕೊಮ್ಮೆ, ಚಳಿಗೆ ಮುನ್ನ, ಲೈಸೆನ್ಸ್ ಪಡೆದ ತಂತ್ರಜ್ಞರಿಂದ ತಪಾಸಣೆ ಮಾಡಿಸಿ. ಹೀಟ್ ಎಕ್ಸ್‌ಚೇಂಜರ್, ಬರ್ನರ್, ಹೊಗೆಕೊಳವೆ, ನೀರು ಹೋಗುವ ನಳಿಕೆ ಇವನ್ನು ನೋಡಿದಿರಾ ಎಂದು ಕೇಳಿ. ಜ್ವಾಲೆ ನೀಲಿಯಾಗಿರಬೇಕು. ಹಳದಿಯಾಗಿ ತೂಗಾಡುತ್ತಿದ್ದರೆ, ಸುತ್ತ ಮಸಿ ಕಂಡರೆ, ಯಂತ್ರವನ್ನು ನಿಲ್ಲಿಸಿ ಕರೆಮಾಡಿ. ಪೇಂಟು, ಪೆಟ್ರೋಲು, ರಟ್ಟಿನ ಪೆಟ್ಟಿಗೆಗಳನ್ನು ಅದರ ಬಳಿ ಇಡಬೇಡಿ. ಗ್ಯಾಸಿನ ಭಾಗಗಳಿಗೆ ನೀವೇ ಕೈಹಾಕಬೇಡಿ. ನಮ್ಮಲ್ಲಿ ಎಂಜಿನಿಯರುಗಳು ಅನೇಕರಿರುವುದರಿಂದ ಈ ಮಾತನ್ನು ಒತ್ತಿ ಹೇಳಬೇಕಾಗಿದೆ.

ಕೊನೆಯದಾಗಿ ಎಚ್ಚರಿಕೆಯ ಗಂಟೆ. ಚಿಕಾಗೋ ನಗರ 1994ರಲ್ಲೇ ಮನೆಗಳಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರಂ ಕಡ್ಡಾಯ ಮಾಡಿತು. ಇಲಿನಾಯ್ ರಾಜ್ಯದಲ್ಲಿ 2007ರಿಂದ ಮಲಗುವ ಕೋಣೆಗಳಿಂದ 15 ಅಡಿಯೊಳಗೆ ಅದಿರಬೇಕೆಂಬ ಕಾನೂನಿದೆ. ಕಾನೂನಿಲ್ಲದ ಊರಿನಲ್ಲೂ ಪ್ರತಿ ಅಂತಸ್ತಿಗೆ ಒಂದಿರಲಿ. ಅದರ ಆಯುಷ್ಯ ಸುಮಾರು 7ರಿಂದ 10 ವರ್ಷ. ಹಿಂಬದಿಯಲ್ಲಿ ಬರೆದ ತಾರೀಖನ್ನು ಇಂದು ರಾತ್ರಿಯೇ ನೋಡಿ. ಇಲ್ಲಿನ ಮಾನದಂಡದಂತೆ, ಗಾಳಿಯ ಹತ್ತು ಲಕ್ಷ ಭಾಗದಲ್ಲಿ 70 ಭಾಗ ಮಾನಾಕ್ಸೈಡ್ ಇದ್ದರೆ ಅದು ಕೂಗಲು 1ರಿಂದ 4 ಗಂಟೆ ಹಿಡಿಯಬಹುದು, 400 ಭಾಗವಿದ್ದರೆ 4ರಿಂದ 15 ನಿಮಿಷ. ಅದಕ್ಕಿಂತ ಕಡಿಮೆಯ ನಿಧಾನವಿಷಕ್ಕೆ ಅದು ಕೂಗದೆಯೂ ಇರಬಹುದು. ಆದ್ದರಿಂದ ಅಲಾರಂ ಇದೆಯೆಂದು ತಪಾಸಣೆಯನ್ನು ಬಿಡಬಾರದು. ಕೂಗಿದರೆ ಬ್ಯಾಟರಿ ತೆಗೆದು ಮಲಗಬಾರದು. ಎಲ್ಲರನ್ನೂ ಎಬ್ಬಿಸಿ, ಹೊರಗೆ ಬಂದು, 911ಕ್ಕೆ ಕರೆಮಾಡಿ, ಅವರು ಅನುಮತಿ ಕೊಡುವವರೆಗೆ ಒಳಗೆ ಹೋಗಬೇಡಿ. ಹಗಲು ಒಂಟಿಯಾಗಿರುವ ನಿಮ್ಮ ತಾಯಿಗೆ, ಅತ್ತೆಗೆ, ಮಾವನಿಗೆ ಆ ಸದ್ದನ್ನು ಒಮ್ಮೆ ಗುಂಡಿ ಒತ್ತಿ ಕೇಳಿಸಿ. ಬಾಗಿಲ ಚಿಲಕ ತೆಗೆಯುವುದನ್ನು, 911 ಒತ್ತಿ ಮನೆಯ ವಿಳಾಸ ಹೇಳುವುದನ್ನು ಕಲಿಸಿ. ವಿಳಾಸವನ್ನು ಕನ್ನಡ ಅಕ್ಷರದಲ್ಲಿ ಬರೆದು ಫೋನಿನ ಪಕ್ಕದಲ್ಲಿ ಅಂಟಿಸಿ.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಬಾರದೆಂದು ನಮ್ಮ ಹಿರಿಯರು ಹೇಳಿದರು. ಬಾವಿ ತೋಡಲು ಇದೇ ಸಕಾಲ. ಈ ವಾರದ ಕೆಲಸ ಮೂರೇ: ಫಿಲ್ಟರು, ತಪಾಸಣೆ, ಅಲಾರಮ್ಮಿನ ತಾರೀಖು. ಮಧುಮೇಹದ ವಿಚಾರವನ್ನು ಮುಂದಿನ ಸಭೆಯಲ್ಲಿ ಮಾತನಾಡೋಣ. ಈ ಚಳಿಗಾಲ ನಿಮ್ಮೆಲ್ಲರ ಮನೆಗಳು ಬೆಚ್ಚಗಿರಲಿ, ಮನೆಯವರು ಕ್ಷೇಮವಾಗಿರಲಿ.